ಹದಿನೇಳು ಪುಟದ ಉತ್ತರ

ಮಾರ್ಚ್ 4
ಕಾಫಿ, ಪೇಪರು, ಸಂಪಾದಕರಿಗೊಂದು ಪತ್ರ — ಫುಟ್‌ಪಾತ್ ಬಗ್ಗೆ, ಈ ವರ್ಷ ಮೂರನೆಯದು. ಹತ್ತಕ್ಕೆ ಟಪಾಲು. ಈ ದೇಶದಲ್ಲಿ ಉಳಿಯಲು ಅಳಿಯ ಹಾಕಿದ್ದ ವೀಸಾ ಅರ್ಜಿ ತಿರಸ್ಕೃತ. ಮದುವೆಯನ್ನು ನಂಬುವಂತಿಲ್ಲವಂತೆ. ಆರು ವರ್ಷ ನನ್ನ ಮಗಳೊಡನೆ ಸಂಸಾರ ಮಾಡಿ, ಪಕ್ಕದ ಕೋಣೆಯ ನನ್ನ ಗೊರಕೆಯನ್ನೂ ಸಹಿಸಿಕೊಂಡವನು! ಕೋರ್ಟಿಗೆ ಹೋಗಲು ಹದಿನೈದು ದಿನ. ಕೋರ್ಟು ಯಾಕೆ? ತಪ್ಪು ಮಾಡಿದವರೇ ತಿದ್ದಿಕೊಳ್ಳಲಿ. ವಲಸೆ ಇಲಾಖೆಗೆ ನಾನೇ ಬರೆಯುತ್ತೇನೆಂದೆ.

ಮಾರ್ಚ್ 11
ಒಂಬತ್ತು ಪುಟ ಆಯಿತು. ಮೂವತ್ತೊಂದು ವರ್ಷದ ಹಿಂದೆ ಇದೇ ಇಲಾಖೆ ನನ್ನ ಹೆಂಡತಿಯ ಫೈಲು ಕಳೆದದ್ದನ್ನೂ ಸೇರಿಸಿದೆ. ಅವಳಿದ್ದಿದ್ದರೆ ನಗುತ್ತಿದ್ದಳು. ಅಳಿಯ ಲಿಫ್ಟ್ ರಿಪೇರಿ ಮುಗಿಸಿ ಬಂದು, ಕೈಯ ಗ್ರೀಸ್ ಒರೆಸಿಕೊಳ್ಳುತ್ತ, ವಕೀಲರನ್ನೂ ಒಂದು ಮಾತು ಕೇಳೋಣವೇ ಎಂದ. ಗದರಿದೆ. ಕೈ ತೊಳೆಯಲು ಹೋದ.

ಮಾರ್ಚ್ 17
ಹದಿನೇಳು ಪುಟ. ರಿಜಿಸ್ಟರ್ಡ್ ಪೋಸ್ಟ್. ಎದೆ ಹಗುರ.

ಏಪ್ರಿಲ್ 9
ಉತ್ತರ ಬಂತು. ಎರಡೇ ಸಾಲು. ನಿಮ್ಮ ಪತ್ರ ಮೇಲ್ಮನವಿಯಲ್ಲ. ಕೋರ್ಟಿನ ಗಡುವು ಮುಗಿದಿದೆ. ತಿಂಗಳ ಕೊನೆಗೆ ಅಳಿಯ ದೇಶ ಬಿಡಬೇಕು.
ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 10
ಕೊನೆಗೂ ವಕೀಲರ ಬಳಿ ಹೋದೆವು. ವಕೀಲೆ ನನ್ನ ಮಗಳಿಗಿಂತ ಚಿಕ್ಕವಳು. ಹೆಚ್ಚುವರಿ ಸಮಯ ಕೇಳಬಹುದಂತೆ. ತಡವಾದ ಒಂದೊಂದು ದಿನಕ್ಕೂ ಕಾರಣ ಬೇಕು, ಆಧಾರ ಬೇಕು. ತನಗೆ ಜ್ವರ ಬಂದಿತ್ತೆಂದು ಬರೆಯಿರಿ ಎಂದುಬಿಟ್ಟ ಅಳಿಯ. ಸುಳ್ಳು... ನನ್ನ ಮಾನ ಕಾಯಲು.
"ಸುಮ್ನಿರಪ್ಪ. ಡೈರಿ ಇದೆ. ನಿನ್ನ ಗದರಿದ್ದೂ ಅದ್ರಲ್ಲಿದೆ."
"ಅದನ್ನೆಲ್ಲ ಯಾರಿಗೂ ತೋರಿಸ್ಬೇಡಿ ಮಾವ."
"ನೀನೇ ಹೊರಟ್ಹೋದ್ರೆ ಡೈರೀಲಿ ಬರೆಯೋಕೆ ನಂಗೇನೋ ಇರತ್ತೆ?"
ಜೆರಾಕ್ಸ್ ಆಯಿತು. ಮಾರ್ಚ್ 18ರಿಂದ ಏಪ್ರಿಲ್ 8ರವರೆಗಿನ ಖಾಲಿ ಪುಟಗಳೂ ಬೇಕಂತೆ.

ಏಪ್ರಿಲ್ 24
ಕೋರ್ಟು. ಆ ಖಾಲಿ ದಿನಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ನ್ಯಾಯಾಧೀಶರು ಕೇಳಿದರು. ಟಪಾಲಿನವನ ದಾರಿ ಕಾಯುತ್ತಿದ್ದೆ ಎಂದೆ. ತಪ್ಪು ನನ್ನದು, ಅಳಿಯನದಲ್ಲ ಎಂದೆ. ಅಷ್ಟೇ. ಇಷ್ಟು ವರ್ಷ ಪತ್ರಗಳಲ್ಲಿ ಬರೆದದ್ದು ಒಂದೂ ನಾಲಿಗೆಗೆ ಬರಲಿಲ್ಲ.
ಏಳು ದಿನ ಕೊಟ್ಟರು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಅವನನ್ನು ಕಳಿಸುವಂತಿಲ್ಲ. ಮೆಟ್ಟಿಲಿಳಿಯುವಾಗ ಮಗಳು ನನ್ನ ಕೈ ಹಿಡಿದುಕೊಂಡಳು — ಶಾಲೆಗೆ ಬಿಡಲು ಹೋಗುತ್ತಿದ್ದಾಗ ಹಿಡಿಯುತ್ತಿದ್ದ ಹಾಗೆ.

ಏಪ್ರಿಲ್ 25, ಬೆಳಿಗ್ಗೆ 8
ಮೇಲ್ಮನವಿ ಸಿದ್ಧ. ವಕೀಲೆಯೇ ಬರೆದದ್ದು, ಮೂರೇ ಪುಟ. ಒಂದು ಅಡಿಟಿಪ್ಪಣಿ ಸೇರಿಸೋಣವೆನಿಸಿತು — ಬಿಟ್ಟೆ. ಇನ್ನೂ ಆರು ದಿನವಿದೆ. ಇವತ್ತೇ ಸಲ್ಲಿಸಬೇಕೆಂದು ಹಟ ಹಿಡಿದವನು ನಾನೇ. ಅಳಿಯ ರಜೆ ಹಾಕಿದ್ದಾನೆ. ನನ್ನ ಕನ್ನಡಕ ಒರೆಸಿ ಕೈಗಿಟ್ಟ. ಈಗ ಬಾಗಿಲಲ್ಲಿ ನಿಂತಿದ್ದಾನೆ.
"ಮಾವ, ಬಂದ್ಮೇಲೆ ಬರೀಬಹುದಲ್ವಾ?"
ಸರಿ, ಉಳಿದದ್ದು ಬಂದ —