ಮೊದಲ ಹೆಸರು ನನ್ನದು

ಮಾರ್ಚ್ 3, ಸೋಮವಾರ

ನಿಯಂತ್ರಣ ಕೋಣೆಯಲ್ಲಿ ಮತ್ತೆ ಉಡಾವಣೆಯ ತಾಲೀಮು. ಇಂಧನದ ಮೇಜು ನನ್ನದು, ಪಕ್ಕದ ಅನಿಲದ ಮೇಜು ಮಾರ್ವಾಳದು. ನಿರ್ದೇಶಕ ಹಾಲ್ಕಮ್ ಒಂದೊಂದೇ ಮೇಜಿನ ಹೆಸರು ಕೂಗಿದ. 'ಗೋ' ಅಂದರೆ ರಾಕೆಟ್ ಹಾರಲಿ, 'ನೋ ಗೋ' ಅಂದರೆ ನಿಲ್ಲಲಿ. ಒಬ್ಬರು ಬೇಡವೆಂದರೂ ನಿಲ್ಲಿಸುತ್ತೇವೆ ಎಂದು ಗೋಡೆ ತುಂಬ ಬರೆಸಿದ್ದಾರೆ. ಅತಿಥಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಸರದಿಯಲ್ಲಿ ಮೊದಲ ಹೆಸರು ನನ್ನದು.

ಕಿಟಕಿಯಾಚೆ, ಪಕ್ಕದ ಉಡಾವಣಾ ಕಟ್ಟೆಯ ಮೇಲೆ, ಎದುರಾಳಿ ರೆಡ್‌ಫರ್ನ್ ಕಂಪನಿಯ ರಾಕೆಟ್. ಯಾರು ಮೊದಲು ಕಕ್ಷೆ ಸೇರುತ್ತಾರೋ ಅವರಿಗೆ ಉಪಗ್ರಹಗಳ ಗುತ್ತಿಗೆ. ಹಾಲ್ಕಮ್ ಕಾಫಿ ಕುಡಿಯುವಾಗಲೂ ಆ ಕಡೆಗೇ ನೋಡುತ್ತಾನೆ.

ಮಾರ್ಚ್ 4

ಕೆಲಸ ಮುಗಿಸಿ ಮಾರ್ವಾ, ನಾನು ಟೈಟಸ್‌ವಿಲ್‌ಗೆ ಹೋಗಿ ನಮ್ಮ ತಂತ್ರಜ್ಞ ಲೆಂಡಲ್‌ನನ್ನು ನೋಡಿ ಬಂದೆವು. ಜನವರಿಯಲ್ಲಿ ನಮ್ಮ ರಾಕೆಟ್ಟಿನ ನೈಟ್ರೋಜನ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸೋರಿತು. ಎಂಜಿನ್ ಗೂಡಿನೊಳಗಿದ್ದ ಲೆಂಡಲ್‌ಗೆ ಉಸಿರಾಡಲು ಗಾಳಿ ಉಳಿಯಲಿಲ್ಲ. ಜೀವ ಉಳಿಯಿತು, ಮಿದುಳಿಗೆ ಪೆಟ್ಟಾಗಿ ಮಾತು ಅರ್ಧ ಹೋಯಿತು. ಚಮಚ ಬೇಕಾದರೆ 'ಏಣಿ' ಅನ್ನುತ್ತಾನೆ. ಆಮೇಲೆ ತಾನೇ ನಗುತ್ತಾನೆ. ಅವನ ಹೆಂಡತಿ ರೊಬರ್ಟಾ ನಗುವುದಿಲ್ಲ.

'ಕೆಲಸಗಾರನ ಅಜಾಗರೂಕತೆ' — ಕಂಪನಿಯ ತೀರ್ಪು. ಥೂ.

ವಾಲ್ವ್ ಇನ್ನೂ ಅದೇ. ಬದಲಿಸಬೇಕೆಂದರೆ ರಾಕೆಟ್ಟನ್ನು ಇಳಿಸಿ ಮಲಗಿಸಬೇಕು, ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ರೆಡ್‌ಫರ್ನ್ ಹಾರಿರುತ್ತದೆ. ಈ ವಾಲ್ವ್ ಇಟ್ಟುಕೊಂಡೇ ನಮ್ಮದು ಹಾರಿತೋ, ಮುಂದಿನ ಎಲ್ಲ ರಾಕೆಟ್ಟುಗಳಿಗೂ ಇದೇ ಗತಿ. ಪ್ರತಿ ಸಲವೂ ಒಬ್ಬ ಆ ಗೂಡಿಗೆ ತೆವಳಿಕೊಂಡು ಹೋಗಬೇಕು.

ಕಾರಿನಲ್ಲಿ ಮಾರ್ವಾ ತಾನಾಗಿಯೇ ಬಾಯಿ ಬಿಟ್ಟಳು. "ಇಬ್ರೂ 'ನೋ' ಅಂದ್ಬಿಡೋಣ ಕಣೇ ನೆಲ್. ನೀನೊಬ್ಳೇ ಅಂದ್ರೆ ಹುಚ್ಚಿ ಅಂತಾರೆ. ಇಬ್ರು ಅಂದ್ರೆ ಏನ್ ಕಿತ್ಕೋತಾರೆ?"

"ಆ ಹೊತ್ತಿಗೆ ನಿನ್ ಗಂಟಲು ಕಟ್ಕೊಂಡ್ರೆ?"

"ಲೆಂಡಲ್ ಕಾಲು ಹಿಡ್ದು ಹೊರಗೆಳೆದವಳು ನಾನು. ನನ್ ಗಂಟಲಿಗೇನೂ ಆಗಲ್ಲ, ನಿಂದು ನೋಡ್ಕೋ."

ಮಾರ್ಚ್ 10

ಹಾಲ್ಕಮ್ ಮಾರ್ವಾಳನ್ನು ಒಳಗೆ ಕರೆಸಿದ್ದ. ಬಹಳ ಹೊತ್ತು. ಏನಂತೆ ಎಂದು ಕೇಳಿದೆ.

"ಬೀನ್ಸ್ ವಿಷ್ಯ. ಹಾರಿದ ಮೇಲೆ ಎಲ್ರಿಗೂ ಊಟಕ್ಕೆ ಎಷ್ಟು ಬೇಯಿಸ್ಬೇಕು ಅಂತ." ರಾಕೆಟ್ ಹಾರಿದ ದಿನ ಬೀನ್ಸ್ ಊಟ ಇಲ್ಲಿನ ಪದ್ಧತಿ, ಬೇಯಿಸುವವಳು ಮಾರ್ವಾ.

"ಹಾರಲ್ವಲ್ಲ."

"ಬೇಯಿಸ್ದೆ ಇದ್ರೆ ಅನುಮಾನ ಬರಲ್ವೇನೇ?"

ನಕ್ಕೆವು. ನಾನೂ ನಕ್ಕೆ.

ಮಾರ್ಚ್ 12, ಮಧ್ಯಾಹ್ನ

ಇವತ್ತು ಉಡಾವಣೆ. ಹಾಲ್ಕಮ್ ಹೆಸರು ಕೂಗಲು ಶುರುಮಾಡಿದ.

"ಇಂಧನ?"

"ನೋ ಗೋ."

ಇಡೀ ಕೋಣೆ ನನ್ನತ್ತ ತಿರುಗಿತು. ಹಾಲ್ಕಮ್ ಮಾತ್ರ ತಿರುಗಲಿಲ್ಲ. "ಕಾರಣ?"

"ನೈಟ್ರೋಜನ್ ವಾಲ್ವ್. ಲೆಂಡಲ್‌ನ ಕೆಡವಿದ್ದು."

"ಅದು ನಿಮ್ಮ ಮೇಜಿಗೆ ಸೇರಿದ್ದಲ್ಲ ನೆಲ್. ಮಾರ್ವಾ, ವಾಲ್ವ್ ನಿಮ್ದು. ಹೇಳಿ."

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ವಾಲ್ವ್ ಸರಿಯಿದೆ. ಗೋ."

ಗಂಟಲು ಕಟ್ಟಿರಲಿಲ್ಲ. ಅಷ್ಟು ಸ್ಪಷ್ಟ ದನಿ ಅವಳದು ಎಂದೂ ಕೇಳಿರಲಿಲ್ಲ.

"ನೆಲ್‌ಗೆ ಹುಷಾರಿಲ್ಲ, ಹೊರಗೆ ಕರ್ಕೊಂಡು ಹೋಗಿ," ಎಂದ ಹಾಲ್ಕಮ್. ನನ್ನ ಕುರ್ಚಿಯಲ್ಲಿ ಬೇರೆಯವನನ್ನು ಕೂರಿಸಿದರು. ಮತ್ತೆ ಮೊದಲಿನಿಂದ ಕೂಗಿದರು. ಗೋ, ಗೋ, ಗೋ...

ಹಾರಿತು. ಏನೂ ಆಗದೆ, ನೆಟ್ಟಗೆ, ಚೆಂದಕ್ಕೆ. ವಾಹನ ನಿಲ್ಲಿಸುವ ಜಾಗದಲ್ಲಿ ನಿಂತು ನೋಡಿದೆ, ಕಾವಲಿನವನ ಜೊತೆ. ಅವನು ಟೋಪಿ ತೆಗೆದು ಕುಣಿದ.

ಮಾರ್ಚ್ 13

ಬಾಗಿಲ ಬಳಿ ಡಬ್ಬಿ. ಬೀನ್ಸ್, ಮೇಲೆ ಜೋಳದ ಬ್ರೆಡ್ಡು. ಮಾರ್ವಾ ಕರೆಗಂಟೆ ಒತ್ತಿ ಓಡಿಹೋಗಿದ್ದಾಳೆ. ಇನ್ನೂ ಬಿಸಿಯಿತ್ತು. ಡಬ್ಬಿಯ ಸಮೇತ ಕಸಕ್ಕೆ ಹಾಕಿದೆ.

ಹಸಿವಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ಏಪ್ರಿಲ್ 2

ಕೆಲಸ ಹೋಗಿದೆ. 'ಪರಸ್ಪರ ಒಪ್ಪಿಗೆಯಿಂದ' ಅಂತೆ. ಯಾರ ಒಪ್ಪಿಗೆ?

ರೆಡ್‌ಫರ್ನ್‌ನಿಂದ ಫೋನು. ಜೇನು ಸುರಿಯುವ ದನಿ. "ನಿಮ್ಮಂಥ ಧೈರ್ಯವಂತ್ರು ನಮಗೆ ಬೇಕು ಮೇಡಂ. ಆ ವಾಲ್ವ್ ಕಥೆ ಒಂದ್ಸಲ ಪತ್ರಿಕೆಯವ್ರ ಮುಂದೆ ಹೇಳ್ಬಿಡಿ."

"ನಿಮ್ ರಾಕೆಟ್ಟಲ್ಲಿ ಯಾವ ವಾಲ್ವ್ ಇದೆ?"

"ಅದು... ಅದೇ ತಯಾರಕರದ್ದು. ಆದ್ರೆ ಅದು ಬೇರೆ ವಿಷಯ ಮೇಡಂ."

ಬೇರೆ ವಿಷಯ! ಇವರಿಗೆ ಲೆಂಡಲ್ ಬೇಕಿಲ್ಲ. ಎದುರಾಳಿಗೆ ಎಸೆಯಲು ಒಂದು ಕಲ್ಲು ಬೇಕು. ಎರಡು ಉಡಾವಣಾ ಕಟ್ಟೆ, ಎರಡು ಬಾವುಟ, ಗೂಡಿಗೆ ನುಗ್ಗುವವನ ಎದೆಗೂಡು ಮಾತ್ರ ಒಂದೇ. ಫೋನ್ ಇಟ್ಟೆ.

ಮಾರ್ವಾಳಿಂದ ಒಂದು ಕರೆಯೂ ಇಲ್ಲ.

ಮೇ 20, ಬೆಳಿಗ್ಗೆ

ಕಂಪನಿಯ ಎರಡನೇ ರಾಕೆಟ್. ವಾಲ್ವ್ ಬದಲಿಸಿಲ್ಲ — ಹಾರಿ ಸಾಬೀತಾಗಿದೆಯಲ್ಲ, ಇನ್ನೇನು. ರೊಬರ್ಟಾ ಕರೆದಳು, ಲೆಂಡಲ್ ನೋಡಲೇಬೇಕೆಂದು ಹಟ ಹಿಡಿದಿದ್ದಾನೆ ಎಂದು. ನದಿ ದಂಡೆಯಲ್ಲಿ ಕುರ್ಚಿ ಹಾಕಿ ಕೂತಿದ್ದೇವೆ. ಫೋನಿನಲ್ಲಿ ನೇರಪ್ರಸಾರ. ಇಲ್ಲೇ ಬರೆಯುತ್ತಿದ್ದೇನೆ, ಕೈಗೆ ಬೇರೆ ಕೆಲಸವಿಲ್ಲ.

ಹೆಸರು ಕೂಗಲು ಶುರುವಾಯಿತು. ಹಾಲ್ಕಮ್ ಅಲ್ಲ.

"ಇಂಧನ?"

ಮಾರ್ವಾ. ಈಗ ನಿರ್ದೇಶಕಿ ಅವಳೇ, ಕೂಗುವವಳೂ ಅವಳೇ.

ಲೆಂಡಲ್ ಕುರ್ಚಿಯಿಂದ ಅರ್ಧ ಎದ್ದ. ಚಮಚಕ್ಕೆ ಏಣಿ ಅನ್ನುವವನು, ಹೆಂಡತಿಯನ್ನು 'ಬಕೆಟ್' ಎಂದು ಕೂಗುವವನು — ಈ ಹೆಸರು ತಪ್ಪಲಿಲ್ಲ.

"ಮಾರ್ವಾ! ನಮ್ ಮಾರ್ವಾ!"

ಗೋ, ಗೋ, ಗೋ. ನೆಲ ನಡುಗಿತು. ಲೆಂಡಲ್ ಚಪ್ಪಾಳೆ ತಟ್ಟುತ್ತಿದ್ದಾನೆ, ಕಣ್ಣಲ್ಲಿ ನೀರು. ನನ್ನ ತೋಳು ಹಿಡಿದು ಅಲುಗಿಸುತ್ತಿದ್ದಾನೆ, ನೀನೂ ತಟ್ಟು ಎಂದು. ರೊಬರ್ಟಾ ನನ್ನನ್ನೇ ನೋಡುತ್ತಿದ್ದಾಳೆ. ಹೇಳಬೇಡ ಅನ್ನುತ್ತಿವೆ ಅವಳ ಕಣ್ಣು.

ಹೇಳದೆ ಇರಲಾರೆ. ಲೆಂಡಲ್, ಕೇಳು. ನಿನ್ನನ್ನು ಹೊರಗೆಳೆದವಳು ಅವಳೇ, ನಿಜ. ಆದರೆ ಮಾರ್ಚ್ ಹನ್ನೆರಡರಂದು ನಿನ್ನ ಹೆಸರು ಬಂದಾಗ ಅವಳು 'ವಾಲ್ವ್ ಸರಿಯಿದೆ' ಅಂದಳು.