ಬದುವಿನ ಮೇಲೆ ಕೂತ ಸಂಘ

ತಾವರಗೇರಾ
14 ಆಗಸ್ಟ್ 2006

ತಂಗಿ ಲಾಲಬೀಗೆ ಅಣ್ಣ ರಾಜಾಸಾಬನ ದುವಾ.

ನೀನು ಶ್ರೀರಾಮನಗರ ಸೇರಿ ನಾಲ್ಕು ವರ್ಷವಾಯಿತು, ನಾನು ಒಂದು ಕಾಗದ ಬರೆಯಲಿಲ್ಲ. ತಪ್ಪು ನನ್ನದೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ಸಿಟ್ಟಾಗದೆ ಓದು. ನಿನ್ನ ಭಾಬಿಗೆ ಮೊಣಕಾಲು ನೋವು, ನನಗೆ ಬಾಯಿ ಜೋರು. ಎರಡೂ ಕಡಿಮೆಯಾಗಿಲ್ಲ.

ನೀನು ಮತ್ತೆ ನಮ್ಮ ಉಳಿತಾಯ-ಸಾಲದ ಸಹಕಾರಿ ಸಂಘಕ್ಕೆ ಸೇರಬೇಕು. ಅದನ್ನು ಕೇಳಲಿಕ್ಕೇ ಬರೆಯುತ್ತಿದ್ದೇನೆ. ಬುಟ್ಟಿ ಹೊತ್ತು ಬದನೆಕಾಯಿ ಮಾರುತ್ತಿದ್ದ ಮುದುಕವ್ವ ಸಂಘದ ಸಾಲದಲ್ಲಿ ತಳ್ಳುಗಾಡಿ ತಗೊಂಡು, ತೀರಿಸಿಯೂ ಬಿಟ್ಟಳು. ಈಗ ಕುರ್ಚಿ ಮೇಲೆ ಕೂತು ಕಮಿಟಿಯವನಾದ ನನ್ನನ್ನೇ ಗದರಿಸುತ್ತಾಳೆ.

ಮೂರು ವಾರ ಸಭೆ ತಪ್ಪಿಸಿದರೆ ಹೆಸರು ಹೊಡೆದುಹಾಕುವ ನಿಯಮವಿತ್ತಲ್ಲ, ಭತ್ತದ ನಾಟಿಗೆಂದು ನಿಮ್ಮ ಕಾಲುವೆ ಸೀಮೆಗೆ ಹೋಗುವ ಬಡವರ ಹೆಸರೇ ಅದರಲ್ಲಿ ಹೋಗುತ್ತಿತ್ತು. ನಿನ್ನ ಹೆಸರೂ ಹಾಗೆಯೇ ಹೋಯಿತು. ಈ ಸಲ ಸಭೆಯಲ್ಲಿ ನಾಟಿಗೆ ಹೋದವರ ಹೆಸರು ತೆಗೆಯಲು ಹೊರಟಾಗ ಕಾರ್ಯದರ್ಶಿ ಅಮೃತಾ ನನ್ನೆದುರು ಎದ್ದು ನಿಂತಳು. "ಕಾಕಾ, ದುಡಿಯಾಕ ಹೋದವರನ್ನ ಹೊರಗ ಹಾಕಿ, ಮನ್ಯಾಗ ಕುಂತವರಿಗೆ ಸಂಘ ನಡಸ್ತೀರೇನ್ರಿ?"

"ಹಂಗಾರ ಸಂಘಾನ ಹೊತ್ಕೊಂಡು ನಾಟಿ ಹೊಲಕ್ಕ ಹೋಗು" ಎಂದು ಒದರಿದೆ.

ಆ ಹುಡುಗಿ ಹೊರಟೇಬಿಟ್ಟಳು. ಪುಸ್ತಕ, ಹೆಬ್ಬೆಟ್ಟಿನ ಮಸಿಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ನೋಡೇಬಿಡೋಣ ಎಂದು ನಾನೂ ಹೋದೆ. ನಿಮ್ಮೂರಾಚೆಯ ಬದುವಿನ ಮೇಲೆ, ಬುತ್ತಿ ಬಿಚ್ಚುವ ಹೊತ್ತಿಗೆ ಸಭೆ ನಡೆಸಿದಳು. ನಾಟಿಗೆ ಬಂದ ನಮ್ಮೂರ ಹದಿನೆಂಟು ಹೆಣ್ಣುಮಕ್ಕಳು ಕೆಸರಿನ ಬೆರಳು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು. "ಅಲ್ರಿ ಸಾಬ್ರ, ನಿಮ್ಮ ಸಂಘಕ್ಕ ಕಾಲು ಬಂದಾವಲ್ರಿ" ಎಂದು ಒಬ್ಬಳು ಕೆಣಕಿದಳು. ಬೈಯಲು ಬಾಯಿ ತೆಗೆದವನು ಮಸಿಡಬ್ಬಿಯ ಮುಚ್ಚಳ ಹಾಕಿ ಅಮೃತಾಳ ಚೀಲಕ್ಕಿಟ್ಟೆ. ಇಷ್ಟು ವರ್ಷ ಕಮಿಟಿಯಲ್ಲಿದ್ದೂ ನನಗೆ ಇದು ಹೊಳೆದಿರಲಿಲ್ಲ.

ಅವತ್ತು ನಿನ್ನ ಓಣಿಯ ತನಕ ಬಂದೆ. ಬಾಗಿಲು ಬಡಿಯಲು ಧೈರ್ಯವಾಗದೆ ತಿರುಗಿ ಹೋದೆ.

ಆ ನಿಯಮ ಈಗ ತೆಗೆದರು. ಬರುವ ಸೋಮವಾರ ಅಮೃತಾ ಮತ್ತೆ ಅದೇ ಬದುವಿಗೆ ಬರುತ್ತಾಳೆ. ಹೋಗಿ ಹೆಸರು ಬರೆಸು. ಅಲ್ಲಾಹ್ ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಡಲಿ.

ನಿನ್ನ ಅಣ್ಣ
ರಾಜಾಸಾಬ

ತಾ.ಕ.: ನಿನ್ನ ಹೆಸರು ನಿಯಮದಿಂದ ಹೋಯಿತು ಎಂದು ಬರೆದದ್ದು ಸುಳ್ಳು. ಸಭೆಯಲ್ಲಿ ನಿನ್ನ ಹೆಸರಿನ ಮಾತು ಬಂದ ದಿನ ಮುದುಕವ್ವ "ಹೊಟ್ಟಿಪಾಡಿಗೆ ಹೋಗ್ಯಾಳ, ಬಿಡ್ರಿ" ಎಂದಿದ್ದಳು. ಎಲ್ಲರೂ ಒಪ್ಪಿದ್ದರು. ಊರಿಗೊಂದು ನ್ಯಾಯ, ತಂಗಿಗೊಂದು ನ್ಯಾಯ ಎಂದು ಜನ ಆಡಿಕೊಂಡಾರೆಂದು ಹೆದರಿ, ಪೆನ್ನು ಕಸಿದುಕೊಂಡು ನಿನ್ನ ಹೆಸರಿನ ಮೇಲೆ ಗೆರೆ ಎಳೆದವನು ನಾನೊಬ್ಬನೇ.