ಮೊಹರು ಹಾಕಿದ ಫೋನಿಗೆ ಹೋಗುವ ಒಟಿಪಿ

ಕಾರಾಗೃಹ ಆರೋಗ್ಯ ಮತ್ತು ಕಲ್ಯಾಣ ಸೇವೆಗಳ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಡಿಜಿಟಲ್ ಆಸ್ಪತ್ರೆ ನನ್ನ ತಮ್ಮನ ಮಾತ್ರೆ ಕಿತ್ತುಕೊಂಡಿದೆ. ಅದನ್ನು ವಾಪಸ್ ಕೇಳಲು ಈ ಪತ್ರ. ಮೊದಲು ನಿಮ್ಮ ಕಚೇರಿಗೇ ದೂರು ಕೊಟ್ಟಿದ್ದೆ. 'ನಿಮ್ಮ ದೂರನ್ನು ಯಶಸ್ವಿಯಾಗಿ ಮುಕ್ತಾಯಗೊಳಿಸಲಾಗಿದೆ' ಎಂಬ ಸಂದೇಶ ಬಂತು. ಯಶಸ್ಸು ಯಾರದೆಂದು ತಿಳಿಯದೆ ಈಗ ಊರೆದುರು ಕೇಳುತ್ತಿದ್ದೇನೆ.

ತಮ್ಮನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಎರಡು ಹೊತ್ತು ಮಾತ್ರೆ ನುಂಗಿದರೆ ಎಲ್ಲರಂತೆ ಇರುತ್ತಾನೆ, ತಪ್ಪಿದರೆ ನಿಂತಲ್ಲೇ ಬೀಳುತ್ತಾನೆ. ಈಗ ನಿಮ್ಮ ಜೈಲಿನಲ್ಲಿದ್ದಾನೆ, ಮೊಕದ್ದಮೆ ಇನ್ನೂ ನಡೆಯುತ್ತಿದೆ. ತಪ್ಪು ಮಾಡಿದ್ದಾನೋ ಇಲ್ಲವೋ ನ್ಯಾಯಾಲಯ ಹೇಳಲಿ, ಆ ಬಗ್ಗೆ ನಿಮ್ಮೊಡನೆ ವಾದವಿಲ್ಲ. ಮೊದಲೆಲ್ಲ ಪ್ರತಿ ಗುರುವಾರ ಜೈಲು ಗೇಟಿನ ಪಕ್ಕದ ಕಿಟಕಿಯಲ್ಲಿ ವೈದ್ಯರ ಚೀಟಿ ತೋರಿಸಿ ಮಾತ್ರೆ ಕೊಡುತ್ತಿದ್ದೆ. ಒಳಗಿನ ಕಂಪೌಂಡರ್ ಮುಖ ಗಂಟಿಕ್ಕಿಕೊಂಡೇ ಇಸಿದುಕೊಳ್ಳುತ್ತಿದ್ದರು. ಗೊಣಗುತ್ತಿದ್ದರು, ಆದರೆ ತಲುಪಿಸುತ್ತಿದ್ದರು.

ಆಮೇಲೆ ನೀವು ಬಂದಿರಿ. ಭೇಟಿ ಕೋಣೆಯಲ್ಲಿ ನಮ್ಮೆಲ್ಲರ ಮುಂದೆ ನಿಂತು, "ಇನ್ಮೇಲೆ ನೀವ್ಯಾರೂ ಮಾತ್ರೆ ಹೊತ್ಕೊಂಡು ಅಲೀಬೇಡಿ ತಾಯಿ. ದೊಡ್ಡ ಡಾಕ್ಟರೇ ವಿಡಿಯೊದಲ್ಲಿ ಬರ್ತಾರೆ. ನಿಮ್ಮ ಹುಡುಗರು ನನ್ನ ತಮ್ಮಂದಿರಿದ್ದ ಹಾಗೆ" ಎಂದಿರಿ. ನನ್ನ ಕಣ್ಣು ಒದ್ದೆಯಾಯಿತು. ನಾನು ದರ್ಜಿ. ವಿಡಿಯೊ ಕೋಣೆಗೆ ಬಾಗಿಲೇ ಇಲ್ಲವೆಂದು ಗೊತ್ತಾದಾಗ, ಅಂಗಿ ಬಿಚ್ಚಿ ಡಾಕ್ಟರಿಗೆ ತೋರಿಸುವವರ ಮಾನ ಉಳಿಯಲಿ ಎಂದು ದಪ್ಪ ನೀಲಿ ಬಟ್ಟೆಯ ಪರದೆ ಹೊಲಿದು ತಂದುಕೊಟ್ಟೆ. ಕೂಲಿ ಕೇಳಲಿಲ್ಲ. ನೀವು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿರಿ. ಅದೇ ವಾರ ಮಾತ್ರೆಯ ಕಿಟಕಿಗೆ ಹಲಗೆ ಬಡಿಸಿದಿರಿ.

ಈಗ ನಿಮ್ಮ ವ್ಯವಸ್ಥೆಯ ಚಮತ್ಕಾರ ಕೇಳಿ. ರೋಗಿ ತನ್ನ ಮೊಬೈಲಿಗೆ ಬಂದ ಒಟಿಪಿ ಹೇಳಿದರೆ ಮಾತ್ರ ಡಾಕ್ಟರು ಮಾತಾಡುತ್ತಾರೆ, ಔಷಧಿ ಸಿಗುತ್ತದೆ. ಜೈಲಿನಲ್ಲಿರುವವನಿಗೆ ಮೊಬೈಲ್! ಒಳಗೆ ಮೊಬೈಲ್ ಸಿಕ್ಕರೆ ಇನ್ನೊಂದು ಕೇಸು ಜಡಿಯುವವರೂ ನಿಮ್ಮವರೇ ಅಲ್ಲವೇ? ಬಂಧನದ ದಿನ ಬರೆದುಕೊಂಡ ಅವನ ನಂಬರನ್ನೇ ಹಾಕಿದ್ದೀರಿ. ಆ ಫೋನು ಅವನ ಕೇಸಿನ ಸಾಕ್ಷ್ಯ. ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಹಾಕಿ, ನ್ಯಾಯಾಲಯದ ಕಪಾಟಿನಲ್ಲಿ ಇಟ್ಟಿದ್ದಾರೆ. ಅವನನ್ನು ಬದುಕಿಸಬೇಕಾದ ಒಟಿಪಿ ಪ್ರತಿ ಸಲವೂ ಅಲ್ಲಿಗೇ ಹೋಗುತ್ತದೆ.

ನಿಮ್ಮ ಸಹಾಯ ಕೇಂದ್ರದ ಹುಡುಗಿಗೆ, ನನ್ನ ನಂಬರ್ ಹಾಕಿಕೊಳ್ಳಮ್ಮ ಎಂದೆ.

"ಆಗುತ್ತೆ ಅಕ್ಕ. ಹಳೇ ನಂಬರಿಗೆ ಒಂದು ಒಟಿಪಿ ಹೋಗುತ್ತೆ, ಅದನ್ನ ಹೇಳಿ."

"ಅದು ಕೋರ್ಟಲ್ಲಿದೆ ಕಣಮ್ಮ."

"ಹಾಗಾದ್ರೆ ಕೋರ್ಟಿನವರಿಗೆ ಸ್ವಲ್ಪ ನೋಡಿ ಹೇಳೋಕೆ ಹೇಳಿ ಅಕ್ಕ."

ಪಾಪ, ಅವಳು ತಮಾಷೆ ಮಾಡುತ್ತಿರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೇ ಮಾತ್ರೆ ಕಂಪೌಂಡರ್ ಕಪಾಟಿನಲ್ಲೇ ಇದೆ. ಕಂಪ್ಯೂಟರ್ ಒಪ್ಪದೆ ಕೊಟ್ಟರೆ ಅವರ ಕೆಲಸ ಹೋಗುತ್ತದಂತೆ. ಒಟಿಪಿ ಹೇಳದ್ದಕ್ಕೆ ಕಂಪ್ಯೂಟರಿನಲ್ಲಿ 'ರೋಗಿ ಸ್ಪಂದಿಸಿಲ್ಲ' ಎಂದು ನಮೂದಾಯಿತು. ಹೋದ ಗುರುವಾರ ಭೇಟಿಗೆ ಬಂದ ತಮ್ಮನ ಮುಂದಿನ ಹಲ್ಲು ಮುರಿದಿತ್ತು, ಕಚ್ಚಿಕೊಂಡ ನಾಲಿಗೆ ಊದಿತ್ತು. ನೀರಿನ ತೊಟ್ಟಿಯ ಬಳಿ ಬಿದ್ದನಂತೆ. "ಅಕ್ಕಾ, ನೀನ್ಯಾಕೆ ಮಾತ್ರೆ ತರೋದು ನಿಲ್ಲಿಸ್ದೆ?" ಎಂದ.

ನಿಮ್ಮನ್ನು ನಂಬಿ ನಿಲ್ಲಿಸಿದೆ ಎಂದು ಹೇಗೆ ಹೇಳಲಿ? ಅವನ ಕಣ್ಣಿನಲ್ಲಿ ಕೈಬಿಟ್ಟವಳು ನಾನು, ನೀವಲ್ಲ. ನನ್ನಿಂದ ಸಹಿಸಲಾಗದಿರುವುದು ಅದೇ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ ಮಾನ್ಯರೇ. ನನ್ನ ಹೊಟ್ಟೆಪಾಡೂ ಯಂತ್ರದಿಂದಲೇ. ಅದು ಕೆಟ್ಟ ದಿನ ಕೈಯಲ್ಲಿ ಸೂಜಿ ಹಿಡಿಯುತ್ತೇನೆ, ಗಿರಾಕಿಯನ್ನು ಬೆತ್ತಲೆ ಕಳುಹಿಸುವುದಿಲ್ಲ. ಆ ಕಿಟಕಿ ನಿಮ್ಮ ಕೈಸೂಜಿಯಾಗಿತ್ತು. ಬರುವ ಗುರುವಾರ ಮಾತ್ರೆ, ಚೀಟಿ ಹಿಡಿದು ಬರುತ್ತೇನೆ, ಹಲಗೆ ಕೀಳಿಸಿ. ಆಗದು ಎಂದಾದರೆ ಪರದೆ ಬಿಚ್ಚಿಸಿ ನನ್ನ ಕೈಗೆ ಕೊಡಿ. ನಾನದನ್ನು ಹೊಲಿದದ್ದು ತಮ್ಮನ ಮಾನ ಮುಚ್ಚಲು, ನಿಮ್ಮದನ್ನಲ್ಲ.

ಇಂತಿ,
ಅಂದು ನಿಮ್ಮ ಮಾತಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ
ದರ್ಜಿ ಅಕ್ಕ